ಸಿಂಹಾಸನ ಹೆಣ್ಣುಮಕ್ಕಳ ಆಸ್ತಿಯಾಗಿತ್ತೇ?

ಓದುಗರ ಪತ್ರ: ಕಳೆದ ಸಂಚಿಕೆಯ ಲೇಖನದಲ್ಲಿ ಈಜಿಪ್ಟಿನ ರಾಜ ಟುಟಾಂಖಾಮನ್‌ನ ಅಪ್ಪ-ಅಮ್ಮ ಒಡಹುಟ್ಟಿದವರು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಪ್ರಾಚೀನ ಈಜಿಪ್ಟಿನಲ್ಲಿ ಸಿಂಹಾಸನದ ಹಕ್ಕು ರಾಜನ ಮಗಳದ್ದಂತೆ, ರಾಜಕುಮಾರ ಅಕ್ಕನನ್ನೋ ತಂಗಿಯನ್ನೋ ಮದುವೆಯಾದರೆ ಮಾತ್ರ ಪಟ್ಟ ಸಿಗುತ್ತಿತ್ತಂತೆ. ನಿಜವೇ? ಹಾಗಿದ್ದರೆ ರಾಣಿ ಹಟ್‌ಶೆಪ್ಸುಟ್ ಗಡ್ಡ ಕಟ್ಟಿಕೊಂಡು ಗಂಡಸಿನ ವೇಷ ಯಾಕೆ ಹಾಕಬೇಕಿತ್ತು? ಅಷ್ಟೊಂದು ಹೆಂಡತಿಯರ ಮಕ್ಕಳಲ್ಲಿ ಪಟ್ಟ ಯಾರಿಗೆ ಅಂತ ಹೇಗೆ ತೀರ್ಮಾನವಾಗುತ್ತಿತ್ತು? ಕ್ಲಿಯೋಪಾತ್ರ ತಮ್ಮನನ್ನೇ ಮದುವೆಯಾಗಿದ್ದೂ ಇದೇ ಪದ್ಧತಿಯೇ? (ಓದುಗರೊಬ್ಬರು, ಧಾರವಾಡ)

ಸಂಪಾದಕರ ಉತ್ತರ:

ನಮಸ್ಕಾರ. ನಾಲ್ಕು ಪ್ರಶ್ನೆ ಕೇಳಿದ್ದೀರಿ, ನಾಲ್ಕೂ ಒಂದಕ್ಕೊಂದು ಅಂಟಿಕೊಂಡಿವೆ. ಉತ್ತರ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದಕ್ಕೆ ನೇರ ಉತ್ತರ: ನಿಜವಲ್ಲ. ಆದರೆ ಇದು ಯಾರೋ ಸುಮ್ನೆ ಹುಟ್ಟಿಸಿದ ಮಾತೂ ಅಲ್ಲ. ದೊಡ್ಡ ದೊಡ್ಡ ವಿದ್ವಾಂಸರೇ ಬಹಳ ಕಾಲ ಇದನ್ನು ನಂಬಿದ್ದರು. ಕೆಲವು ರಾಜರು ಒಡಹುಟ್ಟಿದವರನ್ನು ಮದುವೆಯಾಗಿದ್ದು ಅವರ ಕಣ್ಣಿಗೆ ಬಿತ್ತು. ಕಾರಣ ಹುಡುಕಿದರು. ಹಕ್ಕು ಹುಡುಗಿಯ ಕೈಯಲ್ಲೇ ಇದ್ದಿರಬೇಕು, ಅದಕ್ಕೇ ಅವಳನ್ನು ಕಟ್ಟಿಕೊಂಡಿದ್ದಾರೆ ಎಂದುಕೊಂಡರು. 1980ರ ದಶಕದ ಹೊತ್ತಿಗೆ ಈ ವಾದವನ್ನು ಹೆಚ್ಚುಕಡಿಮೆ ಎಲ್ಲರೂ ಕೈಬಿಟ್ಟರು. ಪಠ್ಯಗಳಿಂದ ಹೋದದ್ದು ವಿಡಿಯೋಗಳಲ್ಲಿ ಇನ್ನೂ ಓಡಾಡುತ್ತಿದೆ, ಅಷ್ಟೆ.

ವಾದ ಬಿದ್ದದ್ದು ಹೇಗೆ? ರಾಣಿಯರ ತವರುಮನೆ ವಿಚಾರಿಸಿದಾಗ! ಹಕ್ಕು ಮಗಳಿಂದ ಮಗಳಿಗೆ ಹೋಗುತ್ತಿದ್ದರೆ ಪ್ರತಿ ಪಟ್ಟದ ರಾಣಿಯೂ ರಾಜನ ಮಗಳೇ ಆಗಿರಬೇಕು, ಅಲ್ವಾ? ಟುಟಾಂಖಾಮನ್ ಹುಟ್ಟಿದ 18ನೇ ರಾಜವಂಶವನ್ನೇ ನೋಡಿ. ಮೂರನೇ ಥುಟ್ಮೋಸ್‌ನ ತಾಯಿ ಈಸೆಟ್ ರಾಜನ ಮಗಳಲ್ಲ. ಅವನ ಪಟ್ಟದ ರಾಣಿಯರಲ್ಲಿ ಒಬ್ಬಳಾದ ಸಾತಿಯಾ, ಅರಮನೆಯ ದಾದಿಯೊಬ್ಬಳ ಮಗಳು. ಅವನಂಥ ದಂಡಯಾತ್ರೆ ಮಾಡಿದ ಫೇರೋ (ಈಜಿಪ್ಟಿನ ರಾಜ) ಇನ್ನೊಬ್ಬನಿಲ್ಲ. ಅವನ ಹಕ್ಕಿಗೆ ಇದರಿಂದ ಏನೂ ಕುಂದಾಗಲಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದೊಂದು ಕಲ್ಲಿನ ಜೀರುಂಡೆ. ಮೂರನೇ ಅಮೆನ್‌ಹೊಟೆಪ್ (ಸುಮಾರು ಕ್ರಿ.ಪೂ. 1390ರಿಂದ 1352) ಇಂಥ ಜೀರುಂಡೆಗಳನ್ನು ಹತ್ತಾರು ಮಾಡಿಸಿ ಹಂಚಿದ್ದ. ಹೊಟ್ಟೆಯ ಭಾಗದಲ್ಲಿ ಸಾಲು ಸಾಲು ಬರಹ. ಮೊದಲು ರಾಜನ ಬಿರುದುಗಳು, ಆಮೇಲೆ ರಾಣಿ ತಿಯೆಯ ಹೆಸರು. ಅದರ ಬೆನ್ನಿಗೇ, ಅವಳ ಅಪ್ಪ ಯುಯಾ, ಅಮ್ಮ ತುಯಾ ಎಂದಿದೆ. ಇಂಥ ತಂದೆತಾಯಿಯ ಮಗಳು ಇಷ್ಟು ದೊಡ್ಡ ಸಾಮ್ರಾಜ್ಯದ ದೊರೆಯ ಹೆಂಡತಿ ಎಂದು ಹೇಳಿ, ರಾಜ್ಯದ ದಕ್ಷಿಣದ ಗಡಿ, ಉತ್ತರದ ಗಡಿ ಎಲ್ಲಿಯವರೆಗೆ ಎಂದೂ ಬರೆಸಿದ್ದಾನೆ. ಯುಯಾ ರಥದಳದ ಅಧಿಕಾರಿ, ರಾಜವಂಶದವನಲ್ಲ. ಮುಚ್ಚಿಡುವ ವಿಷಯವಾಗಿದ್ದರೆ ಊರೂರಿಗೆ ಹಂಚುತ್ತಿದ್ದನೇ? ಮಾವನ ಹೆಸರು ಹೇಳಿಕೊಳ್ಳೋಕೆ ಅವನಿಗೆ ಹೆಮ್ಮೆಯೇ ಇತ್ತು ಅಂತ ನನಗನ್ನಿಸುತ್ತದೆ.

ಹಾಗಾದರೆ ಒಡಹುಟ್ಟಿದವರ ಮದುವೆ ಯಾಕೆ? ಒಂದು, ದೇವರ ಮೇಲ್ಪಂಕ್ತಿ. ಒಸಿರಿಸ್ ಮತ್ತು ಐಸಿಸ್ ಅಣ್ಣ-ತಂಗಿ, ಗಂಡ-ಹೆಂಡತಿ ಕೂಡ. ಜನಸಾಮಾನ್ಯರು ಮಾಡದ್ದನ್ನು ರಾಜ ಮಾಡಿದರೆ ಅವನು ದೇವರ ಸಾಲಿಗೆ ಸೇರಿದಂತೆ. ಇನ್ನೊಂದು, ಶುದ್ಧ ರಾಜಕೀಯ. ರಾಜನ ಮಗಳು ಹೊರಗಿನವನನ್ನು ಮದುವೆಯಾದರೆ ನಾಳೆ ಅವಳ ಮಗ ನಾನೂ ವಾರಸುದಾರ ಎಂದು ಬರಬಹುದು. ಅರಮನೆಯೊಳಗೇ ಮದುವೆ ಮಾಡಿದರೆ ಆ ತಲೆನೋವಿಲ್ಲ.

ಹೆಣ್ಣು ಹೊರಗೆ ಕೊಡುವ ವಿಷಯದಲ್ಲಿ ಅವರು ಎಷ್ಟು ಬಿಗಿ ಎಂಬುದಕ್ಕೆ 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಒಂದು ಮಜವಾದ ಪತ್ರವಿದೆ. ಬ್ಯಾಬಿಲೋನಿನ ರಾಜ ಇದೇ ಅಮೆನ್‌ಹೊಟೆಪ್‌ನ ಮಗಳನ್ನು ಕೇಳಿದ್ದ. ಈಜಿಪ್ಟಿನ ರಾಜನ ಮಗಳನ್ನು ಹಿಂದಿನಿಂದಲೂ ಯಾರಿಗೂ ಕೊಟ್ಟಿಲ್ಲ ಎಂಬ ಉತ್ತರ ಬಂತು. ಅವನು ಬಿಡಲಿಲ್ಲ. ಯಾರದಾದರೂ ಚೆಂದದ ಮಗಳನ್ನು ನಿನ್ನ ಮಗಳೆಂದೇ ಕಳಿಸು, ಅಲ್ಲ ಎನ್ನುವವರು ಇಲ್ಲಿ ಯಾರಿದ್ದಾರೆ ಎಂದು ಮತ್ತೆ ಬರೆದ! ಅಮೆನ್‌ಹೊಟೆಪ್ ಮಾತ್ರ ಬ್ಯಾಬಿಲೋನಿನಿಂದಲೂ ಮಿತನ್ನಿ ರಾಜ್ಯದಿಂದಲೂ ಹೆಣ್ಣು ತಂದುಕೊಂಡವನು. ತರೋದು ಸರಿ, ಕೊಡೋದು ಮಾತ್ರ ಇಲ್ಲ.

ಇನ್ನು ನಾವು ಒಂದೇ ಸಾಲಿನಲ್ಲಿ ಮುಗಿಸಿದ್ದ ವಿಷಯ. ಟುಟಾಂಖಾಮನ್‌ನ ಅಪ್ಪ-ಅಮ್ಮ ಒಡಹುಟ್ಟಿದವರು ಎಂಬುದು 2010ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆಯ ಫಲಿತಾಂಶ. ಅವನ ಹೆಂಡತಿ ಅಂಖೆಸೆನಾಮುನ್, ರಾಜ ಅಖೆನಾಟನ್ ಮತ್ತು ರಾಣಿ ನೆಫರ್ತಿತಿಯ ಮಗಳು. ಬರ್ಲಿನ್‌ನ ಸಂಗ್ರಹಾಲಯದಲ್ಲಿ ಒಂದು ಪುಟ್ಟ ಕೆತ್ತನೆಯ ಕಲ್ಲಿದೆ. ಅಪ್ಪ ದೊಡ್ಡ ಮಗಳನ್ನು ಎತ್ತಿಕೊಂಡು ಮುದ್ದಿಸುತ್ತಿದ್ದಾನೆ. ಎರಡನೆಯವಳು ಅಮ್ಮನ ತೊಡೆ ಮೇಲೆ ಕೂತು ಅಪ್ಪನ ಕಡೆ ಕೈ ತೋರಿಸುತ್ತಿದ್ದಾಳೆ. ತೀರಾ ಚಿಕ್ಕವಳು ಅಮ್ಮನ ಹೆಗಲೇರಿ, ಕಿರೀಟದಿಂದ ಜೋತಾಡುವ ಹಾವಿನ ಆಭರಣ ಹಿಡಿದು ಆಡುತ್ತಿದ್ದಾಳೆ. ಆ ಚಿಕ್ಕವಳೇ ಅಂಖೆಸೆನಾಮುನ್.

ಗಂಡ ಇಪ್ಪತ್ತು ತುಂಬುವ ಮೊದಲೇ ಸತ್ತ. ಬದುಕಿ ಉಳಿದ ಮಗುವಿಲ್ಲ. ಅವನ ಗೋರಿಯಲ್ಲಿ ಪುಟ್ಟ ಪೆಟ್ಟಿಗೆಗಳಲ್ಲಿ ಎರಡು ಹೆಣ್ಣು ಶಿಶುಗಳ ದೇಹಗಳು ಸಿಕ್ಕಿವೆ. ಆಗ ಈಜಿಪ್ಟಿನ ವಿಧವೆ ರಾಣಿಯೊಬ್ಬಳು ಹಿಟ್ಟೈಟ್ (ಇಂದಿನ ತುರ್ಕಿಯ ಕಡೆಯ ರಾಜ್ಯ) ದೊರೆ ಸುಪ್ಪಿಲುಲಿಯುಮನಿಗೆ ಪತ್ರ ಬರೆದಳು: ಗಂಡ ತೀರಿಕೊಂಡ, ಮಗನಿಲ್ಲ, ನಿನ್ನ ಮಗನೊಬ್ಬನನ್ನು ಕೊಡು, ನನ್ನ ಸೇವಕನನ್ನು ಗಂಡನಾಗಿ ಒಪ್ಪಲಾರೆ. ಅದು ಇವಳೇ ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಆ ದೊರೆಗೆ ಅನುಮಾನ. ವಿಚಾರಿಸಲು ಆಳು ಕಳಿಸಿ, ಆಮೇಲೆ ಮಗನನ್ನು ಕಳಿಸಿದ. ಹುಡುಗ ಪ್ರಾಣ ಕಳೆದುಕೊಂಡ. ವಾರಸುದಾರಿಕೆ ಹೆಣ್ಣಿನದೇ ಎನ್ನುವವರು ಈ ಪತ್ರವನ್ನು ಎತ್ತಿ ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. ಹಕ್ಕು ನಿಜಕ್ಕೂ ಅವಳದ್ದಾಗಿದ್ದರೆ ಶತ್ರುವಿನ ಮನೆಗೆ ಹೀಗೆ ಗೋಗರೆದು ಬರೆಯುವ ಗತಿ ಬರುತ್ತಿರಲಿಲ್ಲ.

ಕೊನೆಗೆ ಪಟ್ಟ ಏರಿದ್ದು ಆಸ್ಥಾನದ ಮುದುಕ ಆಯ್. ಟುಟಾಂಖಾಮನ್‌ನ ಗೋರಿಯ ಗೋಡೆಯಲ್ಲೇ ಅದರ ಗುಟ್ಟಿದೆ. ಚಿರತೆ ಚರ್ಮ ಹೊದ್ದು, ತಲೆಗೆ ರಾಜನ ನೀಲಿ ಕಿರೀಟ ಇಟ್ಟುಕೊಂಡು, ಆಯ್ ಸತ್ತ ರಾಜನ ಬಾಯಿ ತೆರೆಸುವ ಕರ್ಮ ಮಾಡುತ್ತಿದ್ದಾನೆ. ಕರ್ಮ ಮಾಡಿದವನಿಗೆ ಹಕ್ಕು ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳಿದ್ದೇವಲ್ಲ, ಹಾಗೆ. ಸತ್ತ ರಾಜ ಒಸಿರಿಸ್ ದೇವರಂತೆ, ಅವನಿಗೆ ಸಂಸ್ಕಾರ ಮಾಡುವ ಮಗ ಒಸಿರಿಸ್‌ನ ಮಗ ಹೋರಸ್‌ನಂತೆ. ಪಟ್ಟ ಮಗನದು, ಮಗನಿಲ್ಲದಿದ್ದರೆ ಮಗನ ಜಾಗದಲ್ಲಿ ನಿಂತು ಹೂಳಿದವನದು. ಆಯ್‌ನ ಸ್ವಂತ ಗೋರಿಯಲ್ಲಿ ರಾಣಿಯಾಗಿ ಕಾಣುವುದು ಅವನ ಹಳೆಯ ಹೆಂಡತಿ ತೆಯ್. ಅವಳೂ ರಾಜಪುತ್ರಿಯಲ್ಲ.

ಹಟ್‌ಶೆಪ್ಸುಟ್ ವಿಷಯಕ್ಕೆ ಬಂದರೆ, ಪ್ರಶ್ನೆಯಲ್ಲೇ ಉತ್ತರ ಇಟ್ಟಿದ್ದೀರಿ. ಅವಳು ಒಂದನೇ ಥುಟ್ಮೋಸ್‌ನ ಮಗಳು, ಎರಡನೆಯವನ ಹೆಂಡತಿ, ಮಲತಾಯಿಯಾಗಿ ಮೂರನೆಯವನ ಪರವಾಗಿ ಆಡಳಿತ ನಡೆಸಿದವಳು. ಆಮೇಲೆ ತಾನೇ ರಾಜ ಎಂದು ಘೋಷಿಸಿಕೊಂಡಳು. ಗಡ್ಡ ರಾಜಪದವಿಯ ಲಾಂಛನ. ಗಂಡು ರಾಜರೂ ಕಟ್ಟಿಕೊಳ್ಳುತ್ತಿದ್ದುದು ಕೃತಕ ಗಡ್ಡವನ್ನೇ. ದೇರ್ ಎಲ್ ಬಹ್ರಿಯಲ್ಲಿ ತಾನು ಕಟ್ಟಿಸಿದ ದೇವಾಲಯದ ಗೋಡೆಗಳಲ್ಲಿ, ಅಮುನ್ ದೇವರೇ ತನ್ನ ಅಪ್ಪನ ರೂಪದಲ್ಲಿ ಅಮ್ಮನ ಬಳಿಗೆ ಬಂದು ತಾನು ಹುಟ್ಟಿದೆ ಎಂದು ಕೆತ್ತಿಸಿದ್ದಾಳೆ. ಬದುಕಿದ್ದಾಗ ಅಪ್ಪನೇ ತನ್ನನ್ನು ವಾರಸುದಾರಳೆಂದು ಆರಿಸಿದ ಎಂದೂ ಬರೆಸಿದ್ದಾಳೆ. ಎಲ್ಲ ಅಪ್ಪಂದಿರ ಕಡೆಯ ಸಾಕ್ಷಿಯೇ. ಅಂದಹಾಗೆ, ಮೂರನೇ ಥುಟ್ಮೋಸ್ ಸಿಟ್ಟಿನಲ್ಲಿ ಅವಳ ಹೆಸರು ಕೆತ್ತಿ ಅಳಿಸಿ ಹಾಕಿಸಿದ ಎಂಬ ಕಥೆಯೂ ಅಷ್ಟು ಸರಳವಲ್ಲ. ಅಳಿಸುವ ಕೆಲಸ ಶುರುವಾಗಿದ್ದು ಅವಳು ಸತ್ತು ಸುಮಾರು ಇಪ್ಪತ್ತು ವರ್ಷಕ್ಕೆ. ಅಷ್ಟು ತಾಳ್ಮೆಯ ಸಿಟ್ಟು ಇರುತ್ತದೆಯೇ? ಮಗನ ಪಟ್ಟಕ್ಕೆ ದಾರಿ ಸಾಫ್ ಮಾಡುತ್ತಿದ್ದ ಎನ್ನುವುದೇ ಹೆಚ್ಚು ಸರಿ ಕಾಣುತ್ತದೆ.

ಮೂರನೇ ಪ್ರಶ್ನೆ. ಸಾಮಾನ್ಯವಾಗಿ ಪಟ್ಟದ ರಾಣಿಯ ಹಿರಿ ಮಗನಿಗೆ ಮೊದಲ ಸ್ಥಾನ. ಆದರೆ ಮಕ್ಕಳು ಬದುಕಿರಬೇಕಲ್ಲ! ಎರಡನೇ ರಾಮ್ಸೆಸ್ 66 ವರ್ಷ ಆಳಿದ. ಹನ್ನೆರಡು ಗಂಡುಮಕ್ಕಳನ್ನು ದಾಟಿ ಪಟ್ಟ ಬಂದಿದ್ದು ಹದಿಮೂರನೆಯ ಮೆರ್ನೆಪ್ಟಾಗೆ, ಅವನೂ ಆಗ ಮುದುಕ.

ಸರತಿಗೆ ಕಾಯದವರೂ ಇದ್ದರು. ಮೂರನೇ ರಾಮ್ಸೆಸ್‌ನ ಕಿರಿಯ ಹೆಂಡತಿ (ಅವಳ ಹೆಸರೂ ತಿಯೆ) ತನ್ನ ಮಗ ಪೆಂಟವೆರೆಗೆ ಪಟ್ಟ ಕೊಡಿಸಲು ರಾಣೀವಾಸದಲ್ಲೇ ಸಂಚು ಹೂಡಿದಳು. ಅರಮನೆಯ ಅಧಿಕಾರಿಗಳು ಕೈಜೋಡಿಸಿದರು. ಮೇಣದ ಗೊಂಬೆ ಮಾಡಿ ಮಾಟವನ್ನೂ ಮಾಡಿಸಿದರು. ವಿಚಾರಣೆಯ ವರದಿ ಇಟಲಿಯ ಟ್ಯೂರಿನ್‌ನಲ್ಲಿರುವ ಪಪೈರಸ್ (ಜೊಂಡಿನ ಕಾಗದ) ಸುರುಳಿಯಲ್ಲಿ ಉಳಿದಿದೆ. ಅದರಲ್ಲಿ ಒಂದು ವಿಚಿತ್ರ ವಿವರ: ವಿಚಾರಣೆ ನಡೆಸಬೇಕಾದವರಲ್ಲೇ ಕೆಲವರು ಆರೋಪಿ ಹೆಂಗಸರ ಜೊತೆ ಕುಡಿದು ಮಜಾ ಮಾಡಿ ಸಿಕ್ಕಿಬಿದ್ದರು, ಅವರ ಮೂಗು, ಕಿವಿ ಕೊಯ್ಯಿಸಿದರು. ಪೆಂಟವೆರೆಗೆ ತಾನೇ ಸಾಯುವ ಅವಕಾಶ ಸಿಕ್ಕಿತು. ರಾಜ ಬದುಕಿದನೇ ಎಂಬ ಚರ್ಚೆ ಬಹಳ ವರ್ಷ ನಡೆಯಿತು. 2012ರಲ್ಲಿ ಮಮ್ಮಿಯ ಸಿಟಿ ಸ್ಕ್ಯಾನ್ ಫಲಿತಾಂಶ ಬಂತು. ಕತ್ತಿನ ಬಟ್ಟೆಸುತ್ತಿನ ಕೆಳಗೆ ಗಂಟಲು ಮೂಳೆಯವರೆಗೂ ಸೀಳಿತ್ತು. ಆದರೂ ಪಟ್ಟ ದಕ್ಕಿದ್ದು ಮೊದಲೇ ಗೊತ್ತಾಗಿದ್ದ ಮಗ ನಾಲ್ಕನೇ ರಾಮ್ಸೆಸ್‌ಗೇ.

ಕ್ಲಿಯೋಪಾತ್ರಳ ಕಥೆ ಇದಾಗಿ ಸಾವಿರ ವರ್ಷಕ್ಕೂ ಜಾಸ್ತಿ ಕಾಲದ ನಂತರದ್ದು. ಅವಳದು ಗ್ರೀಕ್-ಮೆಸಿಡೋನಿಯನ್ ಮೂಲದ ಟಾಲೆಮಿ ಮನೆತನ. ಅಲ್ಲಿ ಎರಡನೇ ಟಾಲೆಮಿ ತನ್ನ ಸ್ವಂತ ಅಕ್ಕ ಅರ್ಸಿನೋಯೆಯನ್ನು ಮದುವೆಯಾದ ಮೇಲೆ ಇದು ಮನೆತನದ ರೂಢಿಯೇ ಆಯಿತು. ಫೇರೋಗಳಲ್ಲಿ ಅಲ್ಲೊಂದು ಇಲ್ಲೊಂದು ಕಂಡದ್ದನ್ನು ಅವರು ತಲೆಮಾರುಗಟ್ಟಲೆ ಮಾಡಿದರು. ಅದಕ್ಕೆ ಬೇರೆಯದೇ ಲೇಖನ ಬೇಕು. ಮುಂದಿನ ಸಂಚಿಕೆಗಳಲ್ಲಿ ಬರೆಸುತ್ತೇವೆ.

ಸಂ.