ವೈವರ್ನ್‌ಗೆ ಮುಂಗಾಲಿಲ್ಲ: ಒಂದು ಹಸ್ತಪ್ರತಿಗೆ ಉತ್ತರ

ಪ್ರಿಯ ಲೇಖಕರೇ,

ನಿಮ್ಮ ಕಾದಂಬರಿಯ ಮೊದಲ ಮೂರು ಅಧ್ಯಾಯ ಮತ್ತು ಜೊತೆಗಿಟ್ಟಿದ್ದ ಪ್ರಾಣಿಯ ಚಿತ್ರ ನೋಡಿದ್ದಾಯಿತು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ತಕರಾರು ಭಾಷೆಯದ್ದಲ್ಲ. ಹನ್ನೆರಡನೇ ಶತಮಾನದ ಇಂಗ್ಲೆಂಡಿನ ಕೋಟೆ, ಕುದುರೆಲಾಯದ ಹುಡುಗ, ಗಂಡ ಸತ್ತ ಮೇಲೆ ಕೋಟೆ ಕಾಯುತ್ತಿರುವ ಒಡತಿ, ಇವರ ಮಾತುಕತೆ ಗಟ್ಟಿಯಾಗಿದೆ. ಕೆಟ್ಟಿರುವುದು ಪ್ರಾಣಿ. ಅದು ವೈವರ್ನ್, ಅಂದರೆ ಡ್ರ್ಯಾಗನ್ ಜಾತಿಯ ಕಲ್ಪಿತ ಪ್ರಾಣಿ, ಅದಕ್ಕೆ ಎರಡೇ ಕಾಲು, ಎರಡು ರೆಕ್ಕೆ ಎಂದು ಮೊದಲ ಪುಟದಲ್ಲೇ ಬರೆದಿದ್ದೀರಿ. ಎರಡನೇ ಅಧ್ಯಾಯದಿಂದ ಅದು ನಾಲ್ಕು ಕಾಲಿನ ಡ್ರ್ಯಾಗನ್‌ನಂತೆಯೇ ಎಲ್ಲ ಕೆಲಸ ಮಾಡುತ್ತದೆ. ಡ್ರ್ಯಾಗನ್‌ನ ಚಿತ್ರದಿಂದ ಎರಡು ಕಾಲು ಅಳಿಸಿದರೆ ವೈವರ್ನ್ ಆಗುವುದಿಲ್ಲ. ವೈವರ್ನ್‌ನ ಕೈಯೇ ರೆಕ್ಕೆಯಾಗಿದೆ. ಅದು ಹಿಡಿಯುವುದು, ನಡೆಯುವುದು, ಮೇಲೇಳುವುದು, ಗಾಯಗೊಳ್ಳುವುದು ಎಲ್ಲವೂ ಇದೊಂದರಿಂದ ತೀರ್ಮಾನವಾಗುತ್ತವೆ.

ನಿಮ್ಮ ವಾಕ್ಯವನ್ನೇ ತೆಗೆದುಕೊಳ್ಳಿ: ‘ಆ ಭಯಂಕರ ವೈವರ್ನ್ ಮುಂದಿನ ಪಂಜಗಳಿಂದ ಕಾವಲುಗಾರನನ್ನು ಬಾಚಿ ಹಿಡಿದು, ಬೃಹತ್ ರೆಕ್ಕೆಗಳನ್ನು ಬಡಿಯುತ್ತ ಅಂಗಳದಿಂದ ನೆಟ್ಟಗೆ ಆಕಾಶಕ್ಕೆ ಚಿಮ್ಮಿತು.’ ಯಾವ ಮುಂದಿನ ಪಂಜ? ಇದ್ದದ್ದು ರೆಕ್ಕೆಯಾಗಿ ಹೋಯಿತಲ್ಲ. ಹಿಂಗಾಲಿನಿಂದ ಹಿಡಿಯಿತು ಎಂದರೆ ಅದೇ ಕಾಲಿನಿಂದ ನೆಲ ಒದ್ದು ಜಿಗಿಯುವುದು ಹೇಗೆ? ಹದ್ದು, ಗಿಡುಗಗಳು ಇಂಥ ಬೇಟೆಯನ್ನು ಹಾರುವ ವೇಗದಲ್ಲೇ ಹಾಯ್ದು ಎತ್ತುತ್ತವೆ. ನಿಂತಲ್ಲಿಂದ ಹೊರೆ ಹೊತ್ತು ಏಳುವುದು ಅವಕ್ಕೂ ಕಷ್ಟ. ಇನ್ನೊಂದು ಲೆಕ್ಕ: ನೀವು ಕೊಟ್ಟ ಅಳತೆಯಲ್ಲಿ ಅಂಗಳದ ಅಗಲ 30 ಅಡಿ, ಬಿಚ್ಚಿದ ರೆಕ್ಕೆ 40 ಅಡಿ.

ಇದನ್ನೇ ಹೀಗೆ ಬರೆಯಬಹುದು: ‘ಅದು ಮಣಿಕಟ್ಟುಗಳನ್ನು ನೆಲಕ್ಕೂರಿ ಕೂತಿತ್ತು. ಕಾವಲುಗಾರ ಈಟಿ ಎತ್ತುವಷ್ಟರಲ್ಲಿ ಕತ್ತು ಚಾಚಿ ಹೆಗಲಿಗೆ ಬಾಯಿ ಹಾಕಿತು. ರೆಕ್ಕೆ ಬಿಚ್ಚಲಿಲ್ಲ. ಬಿಚ್ಚಲು ಅಲ್ಲಿ ಜಾಗವಿರಲಿಲ್ಲ.’ ಈಗ ಅದು ಗೋಡೆ ಹತ್ತಿಯೇ ಹೊರಗೆ ಹೋಗಬೇಕು. ಹುಡುಗನಿಗೆ ಓಡಲು ಸಮಯ ಸಿಗುತ್ತದೆ. ‘ಭಯಂಕರ’ ಎಂಬ ಪದವೂ ಬೇಕಾಗಲಿಲ್ಲ.

ಚಿತ್ರದ ವಿಷಯಕ್ಕೆ ಬರುತ್ತೇನೆ. ರೆಕ್ಕೆಯ ಕಡ್ಡಿಗಳೆಲ್ಲ ಮೊಣಕೈಯಿಂದ ಕವಲೊಡೆದಿವೆ. ಇದು ತಪ್ಪು. ಹೆಗಲು, ಮೊಣಕೈ, ಮಣಿಕಟ್ಟು, ಆಮೇಲೆ ಬೆರಳು, ಈ ಕ್ರಮ ನಮ್ಮ ತೋಳಿನಲ್ಲಿದ್ದಂತೆಯೇ ರೆಕ್ಕೆಯಲ್ಲೂ ಇರುತ್ತದೆ. ಕವಲು ಶುರುವಾಗುವುದು ಮಣಿಕಟ್ಟಿನಿಂದ. ಎರಡನೆಯ ತಪ್ಪು, ರೆಕ್ಕೆ ಬೆನ್ನ ಮೇಲಿಂದ ಹೊರಟಿದೆ. ವೈವರ್ನ್‌ನ ಹೆಗಲು ಎದೆಯ ಪಕ್ಕದಲ್ಲಿರಬೇಕು, ಅದು ಮುಂಗಾಲು ಇರಬೇಕಾದ ಜಾಗ. ಮೂರನೆಯದು, ಎದೆ ಹಲ್ಲಿಯದರಂತೆ ಚಪ್ಪಟೆಯಾಗಿದೆ. ಹಾರುವ ಹಕ್ಕಿಗಳಲ್ಲಿ ರೆಕ್ಕೆ ಬಡಿಯುವ ಸ್ನಾಯುಗಳೇ ಮೈತೂಕದ ಶೇ. 15ರಿಂದ 25ರಷ್ಟಿರುತ್ತವೆ. ಅವು ಅಂಟಿಕೊಳ್ಳಲೆಂದೇ ಎದೆಮೂಳೆಯ ನಡುವೆ ಎತ್ತರದ ಏಣು ಬೆಳೆದಿರುತ್ತದೆ. ಹಾಗಾಗಿ ನಿಮ್ಮ ಪ್ರಾಣಿಗೆ ಆಳವಾದ ಎದೆ, ಸಣ್ಣ ಸೊಂಟ, ಹಗುರ ಹಿಂಗಾಲು ಬೇಕು.

ರೆಕ್ಕೆಗೆ ಯಾವ ಮಾದರಿ ಎಂಬುದನ್ನು ಬರೆಯುವ ಮೊದಲೇ ನಿರ್ಧರಿಸಿ, ಏಕೆಂದರೆ ಕಥೆ ಅದರಿಂದ ಬದಲಾಗುತ್ತದೆ. ಬಾವಲಿಯ ರೆಕ್ಕೆಯಲ್ಲಿ ನಾಲ್ಕು ಬೆರಳು ಉದ್ದವಾಗಿ ಚಾಚಿ ಪೊರೆಯನ್ನು ಎಳೆದು ಹಿಡಿಯುತ್ತವೆ. ಹೆಬ್ಬೆರಳು ಮಾತ್ರ ಉಗುರು ಸಮೇತ ಹೊರಗಿರುತ್ತದೆ. ನಮ್ಮೂರ ಆಲದ ಮರಗಳಲ್ಲಿ ಜೋತುಬೀಳುವ ತೊಗಲು ಬಾವಲಿ ಕೊಂಬೆಯಿಂದ ಕೊಂಬೆಗೆ ಸಾಗುವಾಗ ಆ ಹೆಬ್ಬೆರಳನ್ನು ಕೊಕ್ಕೆಯಾಗಿ ಬಳಸುವುದನ್ನು ಸಂಜೆ ಹೊತ್ತು ನೋಡಬಹುದು. ಈ ಮಾದರಿಯಲ್ಲಿ ರೆಕ್ಕೆಯ ಉಬ್ಬುತಗ್ಗನ್ನು ಬೆರಳುಗಳಿಂದಲೇ ತಿದ್ದಿಕೊಳ್ಳಬಹುದು, ಆದ್ದರಿಂದ ಇಕ್ಕಟ್ಟಿನಲ್ಲೂ ತಿರುಗಲು ಬರುತ್ತದೆ. ಡೈನೋಸಾರ್ ಕಾಲದ ಹಾರುವ ಸರೀಸೃಪಗಳಾದ ಟೆರೋಸಾರ್‌ಗಳದ್ದು ಬೇರೆ ದಾರಿ. ಅಲ್ಲಿ ನಾಲ್ಕನೇ ಬೆರಳೊಂದೇ ತೋಳಿಗಿಂತ ಉದ್ದ ಬೆಳೆದು ಇಡೀ ಪೊರೆಯನ್ನು ಹೊರುತ್ತದೆ, ಪೊರೆಯೊಳಗೆ ಬಿರುಸಾದ ನಾರುಗಳಿವೆ, ಉಳಿದ ಮೂರು ಗಿಡ್ಡ ಬೆರಳುಗಳಿಗೆ ಉಗುರಿದೆ. ನಡೆಯುವಾಗ ಉದ್ದ ಬೆರಳು ತೋಳಿನ ಪಕ್ಕಕ್ಕೆ ಮಡಚಿಕೊಂಡು, ಗಿಡ್ಡ ಬೆರಳುಗಳು ನೆಲಕ್ಕೆ ತಾಗುತ್ತವೆ. ಕಲ್ಲಾಗಿ ಉಳಿದ ಅವುಗಳ ಹೆಜ್ಜೆಗುರುತುಗಳಲ್ಲಿ ಕೈಯ ಅಚ್ಚು, ಕಾಲಿನ ಅಚ್ಚು ಎರಡೂ ಇವೆ.

ಗಾಯದ ದೃಶ್ಯ ಬರೆಯುವಾಗ ಈ ವ್ಯತ್ಯಾಸ ಕೈಗೆ ಬರುತ್ತದೆ. ಪೊರೆ ಹರಿದರೆ ಬಾವಲಿಗಳಲ್ಲಿ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಸಣ್ಣ ತೂತಿದ್ದರೂ ಹಾರುತ್ತವೆ. ಬಾವಲಿ ಮಾದರಿಯಲ್ಲಿ ಒಂದು ಬೆರಳು ಮುರಿದರೆ ಉಳಿದ ಬೆರಳುಗಳು ಪೊರೆಯನ್ನು ಒಂದಿಷ್ಟಾದರೂ ಬಿಗಿಹಿಡಿಯಬಹುದು. ಟೆರೋಸಾರ್ ಮಾದರಿಯಲ್ಲಿ ಆ ಒಂದು ಬೆರಳು ಮುರಿದರೆ ಹಾರಾಟ ಮುಗಿಯಿತು. ನಿಮ್ಮ ಮೂರನೇ ಅಧ್ಯಾಯದಲ್ಲಿ ಬಾಣಕ್ಕೆ ‘ರೆಕ್ಕೆ ಮುರಿದ’ ಪ್ರಾಣಿ ಮರುದಿನ ಬೆಳಿಗ್ಗೆ ಚರ್ಚಿನ ಗೋಪುರದ ಮೇಲೆ ಕೂತಿರುತ್ತದೆ. ಮುರಿದದ್ದು ಮೂಳೆಯೋ, ಹರಿದದ್ದು ಪೊರೆಯೋ, ಒಂದನ್ನು ಹೇಳಿ. ಪೊರೆ ಎಂದರೆ ಆ ದೃಶ್ಯ ಉಳಿಯುತ್ತದೆ.

ಸುರಂಗದಲ್ಲಿ ಅದು ಕೋಳಿಯಂತೆ ಎರಡೇ ಕಾಲಲ್ಲಿ ನೆಟ್ಟಗೆ ಓಡುತ್ತದೆ. ಇಂಗ್ಲೆಂಡಿನ ಲಾಂಛನಗಳಲ್ಲಿ ವೈವರ್ನ್ ಹಿಂಗಾಲೂರಿ, ಬಾಲ ಸುತ್ತಿಕೊಂಡು ಕೂತಿರುವುದನ್ನು ನೋಡಿ ನೀವು ಹೀಗೆ ಬರೆದಿರಬಹುದು. ಗುರಾಣಿಯ ಆಕಾರ ತುಂಬಿಸಬೇಕಾದ ಚಿತ್ರಗಾರನಿಗೆ ಆ ಭಂಗಿ ಸರಿ, ಓಡುವ ಪ್ರಾಣಿಗೆ ಸರಿಯಲ್ಲ. ಮುಂದೆ ಉದ್ದ ಕತ್ತು, ದೊಡ್ಡ ತಲೆ, ಭಾರದ ಎದೆ ಇರುವ ಪ್ರಾಣಿ ಮಣಿಕಟ್ಟೂರಿ ನಾಲ್ಕು ಊರೆಗಳ ಮೇಲೆ ನಡೆಯುವುದೇ ಸಹಜ. ರಕ್ತ ಹೀರುವ ವ್ಯಾಂಪೈರ್ ಬಾವಲಿಗಳು ಹೀಗೆ ನಡೆಯುವುದಷ್ಟೇ ಅಲ್ಲ, ರೆಕ್ಕೆಯನ್ನೇ ನೆಲಕ್ಕೆ ಒತ್ತಿ ಓಡುತ್ತವೆ, ಅದೇ ಒತ್ತಿನಿಂದ ಗಾಳಿಗೆ ಜಿಗಿಯುತ್ತವೆ. ದೊಡ್ಡ ಟೆರೋಸಾರ್‌ಗಳೂ ಹೀಗೆಯೇ ಕೈಯೊತ್ತಿ ಎದ್ದಿರಬೇಕೆಂದು ಪಳೆಯುಳಿಕೆ ತಜ್ಞ ಮೈಕೆಲ್ ಹಬೀಬ್ 2008ರಲ್ಲಿ ವಾದಿಸಿದರು. ದೇಹದ ಅತಿ ಬಲವಾದ ಸ್ನಾಯು ತೋಳಿನಲ್ಲಿರುವಾಗ ಕಾಲಿನಿಂದಷ್ಟೇ ಜಿಗಿಯುವುದೇಕೆ ಎಂಬುದು ವಾದದ ತಿರುಳು. ನಿಮ್ಮ ವೈವರ್ನ್‌ಗೆ ಇದನ್ನು ಕೊಡಿ: ಮೊದಲು ಹಿಂಗಾಲು ನೆಲ ಬಿಡಲಿ, ಆಮೇಲೆ ಮಣಿಕಟ್ಟು ಒತ್ತಿ ಮೈ ಎತ್ತಲಿ, ಕೊನೆಗೆ ರೆಕ್ಕೆ ಬಿಚ್ಚಲಿ.

ತೂಕವಂತೂ ಕಣ್ಣಿಗೆ ರಾಚುತ್ತದೆ. ಮೂರು ಟನ್ ಎಂದಿದ್ದೀರಿ. 40 ಅಡಿ ಎಂದರೆ ಸುಮಾರು 12 ಮೀಟರ್ ರೆಕ್ಕೆ. ಧಾರಾಳವಾಗಿ 3 ಮೀಟರ್ ಅಗಲ ಹಿಡಿದರೂ 36 ಚದರ ಮೀಟರ್. ಪ್ರತಿ ಚದರ ಮೀಟರಿಗೆ 83 ಕಿಲೋ ಹೊರೆ ಬಿತ್ತು. ಹಾರುವ ಹಕ್ಕಿಗಳಲ್ಲಿ ಈ ಲೆಕ್ಕ 25 ಕಿಲೋ ದಾಟುವುದು ಅಪರೂಪ. 83 ಕಿಲೋ ಹೊರೆಯ ರೆಕ್ಕೆ ಗಾಳಿಯಲ್ಲಿ ನಿಲ್ಲಬೇಕಾದರೆ ಗಂಟೆಗೆ ಸುಮಾರು 100 ಕಿ.ಮೀ. ವೇಗ ಬೇಕು, ಇಳಿಯುವಾಗಲೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಪ್ರಾಣಿ ಗೋಡೆಯ ಮೇಲೆ ‘ಎಲೆಯಂತೆ ಹಗುರವಾಗಿ’ ಇಳಿಯುತ್ತದೆ. ಮರಿಯ ಅಳತೆಗಳನ್ನೆಲ್ಲ ದುಪ್ಪಟ್ಟು ಮಾಡಿ ದೊಡ್ಡದನ್ನು ಕಟ್ಟಿದಿರಿ ಅನ್ನಿಸುತ್ತದೆ, ಎಡವಿದ್ದು ಅಲ್ಲಿ. ಉದ್ದ ಎರಡು ಪಟ್ಟಾದರೆ ರೆಕ್ಕೆಯ ಹರವು ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ರೆಕ್ಕೆಯ ಮೇಲಿನ ಹೊರೆ ಇಮ್ಮಡಿಸುತ್ತದೆ.

ನಮಗೆ ಗೊತ್ತಿರುವ ಅತಿ ದೊಡ್ಡ ಹಾರುವ ಪ್ರಾಣಿಗಳಲ್ಲಿ ಒಂದು ಕ್ವೆಟ್ಜಾಲ್‌ಕೊವಾಟ್ಲಸ್ ಎಂಬ ಟೆರೋಸಾರ್. ಅದರ ಪಳೆಯುಳಿಕೆ 1971ರಲ್ಲಿ ಟೆಕ್ಸಾಸ್‌ನಲ್ಲಿ ಸಿಕ್ಕಿತು. ರೆಕ್ಕೆ 10ರಿಂದ 11 ಮೀಟರ್, ತೂಕ 200ರಿಂದ 250 ಕಿಲೋ ಎಂಬ ಅಂದಾಜು ಹೆಚ್ಚು ಬಳಕೆಯಲ್ಲಿದೆ. ನಿಮ್ಮದಕ್ಕೆ 12 ಮೀಟರ್ ರೆಕ್ಕೆ, 300 ಕಿಲೋ ತೂಕ ಕೊಡಿ. ರೆಕ್ಕೆಯ ಸರಾಸರಿ ಅಗಲ ಒಂದೂವರೆ ಮೀಟರ್ ಇದ್ದರೆ ಚದರ ಮೀಟರಿಗೆ ಸುಮಾರು 17 ಕಿಲೋ ಬರುತ್ತದೆ, ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ಇಳಿಯಬಹುದು. 300 ಕಿಲೋ ಎಂದರೆ ಒಂದು ಸಣ್ಣ ಕುದುರೆ. ಓದುಗ ಹೆದರಲು ಅಷ್ಟು ಸಾಕು. ಅಲ್ಲ, ಮೂರು ಟನ್ನೇ ಬೇಕು, ಮಂತ್ರಶಕ್ತಿಯಿಂದ ಹಾರುತ್ತದೆ ಎನ್ನುವಿರಾದರೆ ಅದೂ ಸರಿ. ಆದರೆ ಅದನ್ನು ಮೊದಲ ಅಧ್ಯಾಯದಲ್ಲೇ ಹೇಳಿ. ಇಪ್ಪತ್ತನೇ ಅಧ್ಯಾಯದಲ್ಲಿ ಹೇಳಿದರೆ ನೆಪ ಅನ್ನಿಸುತ್ತದೆ.

‘ಒಂದು ಅಂಗುಲ ದಪ್ಪದ ಕಬ್ಬಿಣದಂಥ ಹುರುಪೆ’ಯನ್ನೂ ಬಿಡಬೇಕಾಗುತ್ತದೆ. ಮೈಯ ಹರವು 8 ಚದರ ಮೀಟರ್ ಎಂದಿಟ್ಟುಕೊಳ್ಳಿ, ಹುರುಪೆ ನೀರಿನಷ್ಟೇ ಭಾರ ಎಂದಿಟ್ಟುಕೊಳ್ಳಿ, ಆದರೂ ಬರೀ ಹುರುಪೆಯೇ 200 ಕಿಲೋ. ಹೆಗಲು, ನೆತ್ತಿ, ಕತ್ತಿನ ಮೇಲ್ಭಾಗಕ್ಕೆ ಮಾತ್ರ ದಪ್ಪ ಹುರುಪೆ ಇಡಿ, ಹೊಟ್ಟೆ ತೆಳುವಾಗಿರಲಿ. ಮೂಳೆ ಟೊಳ್ಳಾಗಿರಲಿ. ಈಟಿ ಹಿಡಿದವನಿಗೆ ಆಗ ಒಂದು ದಾರಿಯೂ ಸಿಗುತ್ತದೆ.

ಎದುರಾಳಿಯಾದ ನಾಲ್ಕು ಕಾಲಿನ ಡ್ರ್ಯಾಗನ್ ನಿಮ್ಮ ಬರಹದಲ್ಲಿ ಬಣ್ಣದಲ್ಲಷ್ಟೇ ಬೇರೆ. ಬೆನ್ನೆಲುಬಿರುವ ನೆಲದ ಪ್ರಾಣಿಗಳೆಲ್ಲ ನಾಲ್ಕು ಅವಯವಗಳ ಪೂರ್ವಜನಿಂದ ಬಂದವು. ಹಕ್ಕಿ, ಬಾವಲಿ, ಟೆರೋಸಾರ್ ಮೂರೂ ರೆಕ್ಕೆಗಾಗಿ ಕೈಯನ್ನು ಬಿಟ್ಟುಕೊಟ್ಟವು. ಆರು ಅವಯವದ ಡ್ರ್ಯಾಗನ್‌ಗೆ ಈ ವಂಶಾವಳಿಯಲ್ಲಿ ಜಾಗವಿಲ್ಲ. ಹಾಗೆಂದು ಬರೆಯಬಾರದು ಎಂದಲ್ಲ, ಮೈಯನ್ನು ಸರಿಯಾಗಿ ಕಟ್ಟಬೇಕು. ರೆಕ್ಕೆಗೆ ಅದರದೇ ಹೆಗಲಮೂಳೆ, ಅದರದೇ ಎದೆಸ್ನಾಯು ಬೇಕು. ಮುಂಗಾಲಿನ ಸ್ನಾಯುವಿನ ಜೊತೆ ಜಾಗಕ್ಕೆ ಜಗಳವಾಗದಂತೆ ಎದೆಗೂಡು ಉದ್ದವಾಗಬೇಕು, ರೆಕ್ಕೆಯ ಬುಡ ಮುಂಗಾಲಿಗಿಂತ ಹಿಂದೆ, ಮೈಯ ಗುರುತ್ವ ಕೇಂದ್ರದ ಹತ್ತಿರ ಬರಬೇಕು. ಹಾರುವಾಗ ನಾಲ್ಕು ಕಾಲೂ ಸುಮ್ಮನೆ ಹೊರೆ, ಆದ್ದರಿಂದ ವೈವರ್ನ್‌ಗಿಂತ ಇದು ನಿಧಾನ. ನೆಲದ ಮೇಲೆ ಮಾತ್ರ ಇದೇ ಮೇಲು. ರೆಕ್ಕೆ ಮಡಚಿಟ್ಟು ಎರಡು ಕೈಯಲ್ಲಿ ಹೊಡೆದಾಡಬಹುದು, ಗುಹೆ ತೋಡಬಹುದು, ಚಿನ್ನ ಒಟ್ಟಬಹುದು. ನಿಮ್ಮ ವೈವರ್ನ್ ಗುಹೆಯನ್ನು ತಾನೇ ತೋಡಿಕೊಂಡಿದೆ! ಪೊರೆ ಹೊತ್ತ ಕೈಯಲ್ಲಿ ಕಲ್ಲು ಕೆರೆದರೆ ರೆಕ್ಕೆ ಉಳಿಯುತ್ತದೆಯೇ? ತೋಡಿದ್ದು ಡ್ರ್ಯಾಗನ್, ವೈವರ್ನ್ ಅದನ್ನು ಕಿತ್ತುಕೊಂಡಿತು ಎನ್ನಿ, ಇಬ್ಬರ ಹಗೆತನಕ್ಕೆ ಈಗಿಲ್ಲದ ಕಾರಣವೊಂದು ಸಿಗುತ್ತದೆ.

ನಾಲ್ಕು ಕಾಲನ್ನೂ ಉಳಿಸಿಕೊಂಡು ಗಾಳಿಗಿಳಿದ ಪ್ರಾಣಿ ನಿಜಲೋಕದಲ್ಲೂ ಉಂಟು: ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲೂ ಕಾಣುವ ಹಾರುವ ಓತಿ. ಅದರ ರೆಕ್ಕೆಯನ್ನು ಹಿಡಿದಿರುವುದು ಉದ್ದ ಬೆಳೆದ ಪಕ್ಕೆಲುಬುಗಳು. ತೇಲುವಾಗ ಅದು ಮುಂಗಾಲುಗಳಿಂದ ರೆಕ್ಕೆಯ ಮುಂದಂಚನ್ನು ಹಿಡಿದುಕೊಳ್ಳುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಪಕ್ಕೆಲುಬಿನ ರೆಕ್ಕೆಯನ್ನು ಬಡಿಯಲಾಗದು, ಮರದಿಂದ ಮರಕ್ಕೆ ತೇಲಬಹುದಷ್ಟೆ. ಮೂರನೆಯ ಪ್ರಾಣಿ ಬೇಕೆಂದರೆ ಇದನ್ನು ಯೋಚಿಸಿ. ಈಗ ನೀವು ತಂದಿರುವ ಚೀನಾದ ಡ್ರ್ಯಾಗನ್ ‘ಲಾಂಗ್’ ಬೇಡ. ಅದಕ್ಕೆ ಸಾಮಾನ್ಯವಾಗಿ ರೆಕ್ಕೆಯೇ ಇಲ್ಲ, ಮಳೆ ಮೋಡಗಳ ಒಡೆಯ ಅದು. ಬಾವಲಿ ರೆಕ್ಕೆ ಅಂಟಿಸಿ ಇಂಗ್ಲೆಂಡಿನ ಕೋಟೆಗೆ ಹಾರಿಸಲು ಕಥೆಯಲ್ಲಿ ಕಾರಣವೇ ಇಲ್ಲ.

ಬಾಲದಲ್ಲಿ ವಿಷದ ಮುಳ್ಳು, ಬಾಯಲ್ಲಿ ಬೆಂಕಿ, ಎರಡೂ ಕೊಟ್ಟಿದ್ದೀರಿ. ಮುಳ್ಳು ಸಾಕು. ಲಾಂಛನದ ವೈವರ್ನ್‌ಗೆ ಬಾಣದ ಮೊನೆಯಂಥ ಬಾಲವಿರುತ್ತದೆ. ಡ್ರ್ಯಾಗನ್‌ನ ಬಲ ಹಲ್ಲಿನಲ್ಲಲ್ಲ, ಬಾಲದಲ್ಲಿ ಎಂದು ಏಳನೇ ಶತಮಾನದ ಬಿಷಪ್, ಸೆವಿಲ್‌ನ ಇಸಿದೋರ್ ಬರೆದಿಟ್ಟಿದ್ದಾನೆ. ಬೆಂಕಿಗೆ ಉರುವಲು ಬೇಕು: 20 ಲೀಟರ್ ಎಣ್ಣೆಯಂಥ ದ್ರವವೆಂದರೆ 16 ಕಿಲೋ, ಅದನ್ನೂ ಹೊತ್ತು ಹಾರಬೇಕು. ಬಾಲ ಬೀಸುವಾಗ ಒಂದು ಎಚ್ಚರ. ಗಾಳಿಯಲ್ಲಿ ಬಾಲ ಬೀಸಿದರೆ ಮೈ ಅದಕ್ಕೆ ಎದುರಾಗಿ ಸುತ್ತುತ್ತದೆ. ನೆಲದಲ್ಲಿ, ಮಣಿಕಟ್ಟೂರಿ ನಿಂತಾಗ ಮಾತ್ರ ಏಟು ಗಟ್ಟಿಯಾಗಿ ಬೀಳುತ್ತದೆ.

ಇತಿಹಾಸದ್ದೊಂದು ಮಾತು. ‘ಎರಡು ಕಾಲಿದ್ದರೆ ವೈವರ್ನ್, ನಾಲ್ಕಿದ್ದರೆ ಡ್ರ್ಯಾಗನ್, ಮೂಢ!’ ಎಂದು ನಿಮ್ಮ ಹನ್ನೆರಡನೇ ಶತಮಾನದ ನೈಟ್ ಹುಡುಗನನ್ನು ಗದರುತ್ತಾನೆ. ಆ ಕಟ್ಟುನಿಟ್ಟಾದ ಭೇದ ಬ್ರಿಟಿಷ್ ಲಾಂಛನಶಾಸ್ತ್ರದಲ್ಲಿ ನೆಲೆಯೂರಿದ್ದು ಹದಿನಾರನೇ ಶತಮಾನದ ಹೊತ್ತಿಗೆ. ಯುರೋಪಿನ ಬೇರೆಡೆ ಅದನ್ನು ಅಷ್ಟಾಗಿ ಪಾಲಿಸಲೂ ಇಲ್ಲ. ಹನ್ನೊಂದನೇ ಶತಮಾನದ ಬೇಯೂ ಕಸೂತಿಪಟದಲ್ಲಿ ಹೆರಾಲ್ಡ್ ದೊರೆಯ ಧ್ವಜದ ಡ್ರ್ಯಾಗನ್‌ಗೆ ಎರಡೇ ಕಾಲು. ಇಟಲಿಯ ಚಿತ್ರಗಾರ ಉಚ್ಚೆಲ್ಲೊ 1470ರ ಸುಮಾರಿಗೆ ಬಿಡಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಸಂತ ಜಾರ್ಜನ ಚಿತ್ರದ ಡ್ರ್ಯಾಗನ್‌ಗೂ ಎರಡೇ. ನಿಮ್ಮ ನೈಟ್ ಎರಡನ್ನೂ ಒಂದೇ ಹೆಸರಿನಿಂದ ಕರೆಯಲಿ. ವ್ಯತ್ಯಾಸ ಕಾಣಬೇಕಾದದ್ದು ಲಾಯದ ಹುಡುಗನಿಗೆ. ಕಾಲು, ಗೊರಸು, ನಡಿಗೆ ದಿನವೂ ನೋಡುವವನು ಅವನು, ಕೆಸರಿನಲ್ಲಿ ಬಿದ್ದ ಮಣಿಕಟ್ಟಿನ ಅಚ್ಚನ್ನು ಅವನೇ ಮೊದಲು ಗುರುತಿಸಲಿ.

ಮೂರೂ ಅಧ್ಯಾಯಗಳನ್ನು ಒಟ್ಟಿಗೆ ತಿದ್ದಲು ಹೋಗಬೇಡಿ. ಮೊದಲು ಒಂದು ಪುಟದಲ್ಲಿ ಪ್ರಾಣಿಯ ತೂಕ, ರೆಕ್ಕೆಯ ಉದ್ದ ಮತ್ತು ಅಗಲ, ಕತ್ತು ಹಾಗೂ ಬಾಲದ ಉದ್ದ, ಮಡಚಿದಾಗಿನ ಎತ್ತರ ಬರೆದುಕೊಳ್ಳಿ. ಪಕ್ಕದಿಂದ ಕಂಡಂತೆ ನಡೆಯುವ ಭಂಗಿಯ ಗೆರೆಚಿತ್ರ ಒಂದು, ಮೇಲಿಂದ ಕಂಡಂತೆ ರೆಕ್ಕೆ ಬಿಚ್ಚಿದ್ದು ಒಂದು ಇರಲಿ. ಆಮೇಲೆ ಎರಡನೇ ಅಧ್ಯಾಯವನ್ನಷ್ಟೇ ಹೊಸದಾಗಿ ಬರೆದು ಆ ಪುಟದ ಜೊತೆ ಕಳಿಸಿ. ಸುರಂಗದ ಅಗಲವನ್ನೂ ನಮೂದಿಸಿ. ಮಡಚಿದ ರೆಕ್ಕೆ ಅಲ್ಲಿ ಹಿಡಿಸದಿದ್ದರೆ ಬೆನ್ನಟ್ಟುವ ದೃಶ್ಯವನ್ನು ಬಯಲಿಗೆ ತರಬೇಕಾಗುತ್ತದೆ.

ಇಂತಿ,
ಸಂಪಾದಕ