ನರ್ಸಿಂಗ್ ಪೋಸ್ಟಿಂಗ್ ಶುರುವಾದ ಮೇಲೆ ನಿದ್ದೆ, ಊಟ ಎರಡೂ ಕೆಟ್ಟಿದೆ, ಏನು ಮಾಡಲಿ?

ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ, ವಾರ್ಡಿಗೆ ಹೋಗೋಕೆ ಶುರು ಮಾಡಿದಾಗಿಂದ ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತೆ, ಯಾರನ್ನ ಕೇಳಿದರೂ ಧ್ಯಾನ ಮಾಡು ಅಂತಾರೆ ಅಂತ ಬರೆದಿದ್ದೀರಿ. ಧ್ಯಾನ ಮಾಡಿ, ಬೇಡ ಅನ್ನಲ್ಲ. ಆದರೆ ತಿಂಡಿ ತಿನ್ನದೆ ಮಧ್ಯಾಹ್ನದವರೆಗೆ ನಿಂತೇ ಇರೋ ಹುಡುಗಿಗೆ ಮೊದಲು ಬೇಕಾದ್ದು ತಿಂಡಿ. ನಾನು ಸ್ಟಾಫ್ ನರ್ಸ್, ಬ್ಯಾಚ್ ಬ್ಯಾಚ್ ವಿದ್ಯಾರ್ಥಿಗಳನ್ನ ನೋಡ್ತಾ ಇರ್ತೀನಿ.

ನಾನು ಮೊದಲು ಕೇಳೋದು, ರೋಗಿಯ ರಕ್ತದಿಂದ ಹರಡಬಹುದಾದ ಹೆಪಟೈಟಿಸ್ ಬಿ ಕಾಯಿಲೆಯ ಲಸಿಕೆ ಮೂರೂ ಡೋಸ್ ಆಗಿದೆಯಾ ಅಂತ. ಮೊದಲನೆಯದು ಆದ ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅದಾಗಿ ಒಂದೆರಡು ತಿಂಗಳಿಗೆ ಟೈಟರ್ (ಲಸಿಕೆ ಹಿಡಿದಿದೆಯಾ ಅಂತ ತೋರಿಸೋ ರಕ್ತ ಪರೀಕ್ಷೆ) ನೋಡಿಸಿ, 10 mIU/mL ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಇನ್ನು ರೋಗಿಗೆ ಬಳಸಿದ ಸೂಜಿ ನಮ್ಮ ಕೈಗೇ ಚುಚ್ಚೋದು. ಸಿಸ್ಟರ್ ಬೈತಾರೆ ಅಂತ ಹೆದರಿ ಗ್ಲೌಸ್ ಬಿಚ್ಚಿ, ಸ್ಪಿರಿಟ್ ಹತ್ತಿ ಒತ್ತಿಕೊಂಡು ಏನೂ ಆಗದವರ ಹಾಗೆ ಮುಂದಿನ ಬೆಡ್ಡಿಗೆ ಹೋಗಿಬಿಡ್ತಾರೆ. ಆಮೇಲೆ ತಿಂಗಳುಗಟ್ಟಲೆ ಒಳಗೊಳಗೇ ಭಯ. ನಿದ್ದೆ ಎಲ್ಲಿಂದ ಬರಬೇಕು? ಚುಚ್ಚಿದರೆ ಹಿಂಡಬೇಡಿ, ಬಾಯಿಗಂತೂ ಇಡಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ ತೊಳೆದು, ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ನೇರ ಕ್ಯಾಶುವಾಲ್ಟಿಗೆ ಹೋಗಿ. ಎಚ್‌ಐವಿ ತಡೆಯೋ ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಿದರೆ ಎರಡು ಗಂಟೆಯೊಳಗೆ ಶುರುವಾದಷ್ಟೂ ಒಳ್ಳೇದು, 72 ಗಂಟೆ ಮೀರಬಾರದು, 28 ದಿನ ಬಿಡದೆ ನುಂಗಬೇಕು. ಬೈದರೆ ಬೈಯಲಿ, ಎರಡು ನಿಮಿಷದ ಮಾತು.

ನೈಟ್ ಡ್ಯೂಟಿ ಇದ್ದಾಗ ಬೆಳಗಿನ ಜಾವ ಮೂರರ ಮೇಲೆ ಕಾಫಿ ಬೇಡ. ರೂಮಿಗೆ ಬಂದು ಕಿಟಕಿಗೆ ದುಪಟ್ಟಾ ಕಟ್ಟಿ ಮಲಗಿ. ತಿಂಡಿ ಎತ್ತಿಡೋಕೆ ಮೆಸ್ಸಲ್ಲಿ ಮೊದಲೇ ಹೇಳಿರಿ. ಮೂತ್ರ ತಡೆದುಕೊಂಡು ನಿಲ್ಲೋದೂ ಬೇಡ, ನಮ್ಮಲ್ಲಿ ಅರ್ಧ ಹುಡುಗಿಯರಿಗೆ ಉರಿಮೂತ್ರ ಅದರಿಂದಲೇ (ನೀರು ಕುಡಿಯದೆ ಇರೋದು ಇನ್ನೊಂದು ಕಾರಣ).

ಅಳುವಿನ ವಿಷಯ. ನಿನ್ನೆ ಮಾತಾಡಿದ ಅಜ್ಜಿಯ ಮೈ ಒರೆಸಿ, ಮೂಗಿಗೆ ಹತ್ತಿ ಇಟ್ಟು, ಕಾಲಿನ ಹೆಬ್ಬೆರಳು ಕಟ್ಟಿ, ಹತ್ತೇ ನಿಮಿಷಕ್ಕೆ ಪಕ್ಕದ ಬೆಡ್ಡಿನ ಡ್ರಿಪ್ ಬದಲಿಸು ಅಂದರೆ ಯಾರಿಗೆ ಅಳು ಬರಲ್ಲ? ಆ ದಿನ ರೂಮಲ್ಲಿ ಒಬ್ಬರೇ ಇರಬೇಡಿ, ಜೊತೆಯಲ್ಲಿದ್ದವರ ಹತ್ತಿರ ಹೇಳಿಕೊಳ್ಳಿ. ಎರಡು ವಾರ ಕಳೆದರೂ ಹಾಗೇ ಇದ್ದರೆ, ಅಥವಾ ಸಾಯಬೇಕು ಅನ್ನೋ ಯೋಚನೆ ಒಂದು ಸಲ ಬಂದರೂ ಸಾಕು, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿದ್ದೆ ಬರುತ್ತೆ ಅಂತ ಫ್ರೆಂಡ್ ಕೊಡೋ ಆಲ್‌ಪ್ರಜೋಲಾಮ್ ಮಾತ್ರೆ ಮಾತ್ರ ಮುಟ್ಟಬೇಡಿ, ಅದರ ಅಭ್ಯಾಸ ಬಿಡಿಸೋದು ಕಷ್ಟ.