ಲೈವ್ ಆಲ್ಬಂ ಹಾಕಿದರೆ ನನ್ನ ಕಿವಿ ಮೊದಲು ಹೋಗುವುದು ಸಭೆಯ ಕಡೆಗೆ

ಇಷ್ಟದ ಲೈವ್ ಕಾನ್ಸರ್ಟ್ ಆಲ್ಬಂಗಳು ಯಾವುವು ಎಂದು ಕೇಳಿದ್ದೀರಿ. ಜೊತೆಗೆ, ಸ್ಟುಡಿಯೋದಲ್ಲಿ ಅಚ್ಚುಕಟ್ಟಾಗಿ ಮಾಡಿದ್ದು ಸಿಗುವಾಗ ಅದೇ ಹಾಡನ್ನು ಗದ್ದಲದ ನಡುವೆ ಯಾಕೆ ಕೇಳಬೇಕು ಅಂತಲೂ ಕೇಳಿದ್ದೀರಿ. ನಾನು ಕೇಳುವುದು ಆ ಗದ್ದಲಕ್ಕೋಸ್ಕರವೇ.

ಇದು ಎಲ್ಲಿಂದ ಬಂದ ಚಟ ಅಂತ ಹೇಳಿಬಿಡುತ್ತೇನೆ. ನನ್ನ ಸೋದರಮಾವ ಮೃದಂಗ ನುಡಿಸುತ್ತಿದ್ದರು. ದೊಡ್ಡ ಹೆಸರೇನಲ್ಲ. ರಾಮನವಮಿ, ಗಣಪತಿ ಪೆಂಡಾಲು, ಮದುವೆ ಆರತಕ್ಷತೆ, ಹೀಗೆ. ಚಿಕ್ಕವನಿದ್ದಾಗ ಅವರ ಜೊತೆ ಹೋಗಿ ವೇದಿಕೆಯ ಮೂಲೆಯಲ್ಲಿ, ಅವರ ಹಿಂದೆ ಕೂರುತ್ತಿದ್ದೆ. ಅಲ್ಲಿ ಕೂತರೆ ಕಲಾವಿದರ ಬೆನ್ನು ಕಾಣುತ್ತದೆ, ಜನರ ಮುಖ ಕಾಣುತ್ತದೆ. ಮುಂದಿನ ಸಾಲಿನ ಅಜ್ಜ ತೊಡೆಯ ಮೇಲೆ ತಾಳ ಹಾಕುತ್ತಾ ಎಲ್ಲೋ ತಪ್ಪಿ, ಪಕ್ಕದವರ ಕೈ ನೋಡಿ ಸರಿಮಾಡಿಕೊಳ್ಳುವುದು, ಕೊರಡಿನ ಹಾಗೆ ಕೂತಿದ್ದವರು ಒಂದು ಸಂಗತಿಗೆ ಇದ್ದಕ್ಕಿದ್ದಂತೆ 'ಭಲೇ' ಅಂದುಬಿಡುವುದು, ಇವೆಲ್ಲ ಸಂಗೀತದಷ್ಟೇ ನನಗೆ ನೆನಪಿವೆ. ಆಮೇಲೆ ಕ್ಯಾಸೆಟ್ಟು, ಸೀಡಿ ಕೇಳುವಾಗಲೂ ಅದೇ ಅಭ್ಯಾಸ ಉಳಿಯಿತು.

ಮೊದಲು 'ದ ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್'. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರಿಗೆ ಹಣ ಕೂಡಿಸಲು ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ ಕಾರ್ಯಕ್ರಮ. ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್ ಎಲ್ಲ ಇದ್ದಾರೆ. ನನಗೆ ಬೇಕಾದದ್ದು ಅದರ ಆರಂಭ. ಸಿತಾರಿಗೆ ರವಿಶಂಕರ್, ಸರೋದಿಗೆ ಅಲಿ ಅಕ್ಬರ್ ಖಾನ್, ತಬಲಾಕ್ಕೆ ಅಲ್ಲಾ ರಖಾ. ವಾದ್ಯಗಳನ್ನು ಶ್ರುತಿ ಮಾಡಿಕೊಂಡು ನಿಲ್ಲಿಸುತ್ತಾರೆ. ಇಡೀ ಸಭೆ ಚಪ್ಪಾಳೆ ತಟ್ಟುತ್ತದೆ! ಶ್ರುತಿ ಮಾಡಿಕೊಂಡದ್ದೇ ಇಷ್ಟೊಂದು ಮೆಚ್ಚಿಗೆಯಾಗಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂದು ರವಿಶಂಕರ್ ಮೆಲ್ಲಗೆ ಹೇಳಿ 'ಬಾಂಗ್ಲಾ ಧುನ್' ಶುರುಮಾಡುತ್ತಾರೆ.

ನಮ್ಮವರು ಇದನ್ನು ಅಮೆರಿಕನ್ನರನ್ನು ನೋಡಿ ನಗಲಿಕ್ಕೆ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಬೀಟಲ್ಸ್ ಹುಡುಗನನ್ನು ನೋಡಲು ಟಿಕೆಟ್ ಕೊಂಡು ಬಂದ ಸಾವಿರಾರು ಮಂದಿ, ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದಿದ್ದರೂ ಬಾಯಿ ಮುಚ್ಚಿಕೊಂಡು ಕೇಳಿದ್ದಾರೆ. ನಮ್ಮ ಸಭೆಗಳಲ್ಲಿ ತಂಬೂರಿ ಶ್ರುತಿ ಕೂಡುವಷ್ಟು ಹೊತ್ತು ಏನು ನಡೆಯುತ್ತದೆ ಅಂತ ನಿಮಗೂ ಗೊತ್ತಲ್ಲ. ಕುರ್ಚಿ ಎಳೆಯುವ ಸದ್ದು, 'ಕಾಫಿ ಎಲ್ಲಿ ಸಿಗುತ್ತೆ' ಎನ್ನುವ ವಿಚಾರಣೆ.

ಎರಡನೆಯದು ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರ 'ಆಟ್ ಫೋಲ್ಸಮ್ ಪ್ರಿಸನ್'. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನ ಊಟದ ಹಾಲಿನಲ್ಲಿ ಕೈದಿಗಳ ಮುಂದೆ ಎರಡು ಸಲ ಹಾಡಿದ್ದು. ಮೊದಲ ಹಾಡಿನಲ್ಲಿ, ಸಾಯುವುದನ್ನು ನೋಡಬೇಕೆಂದೇ ಒಬ್ಬನನ್ನು ಗುಂಡಿಟ್ಟು ಕೊಂದೆ ಎಂಬ ಸಾಲು ಬಂದ ಕೂಡಲೇ ಒಬ್ಬ 'ಹೋ' ಅಂತ ಕೂಗುತ್ತಾನೆ. ಕಾಲೇಜಿನ ದಿನಗಳಲ್ಲಿ ಅದನ್ನು ಕೇಳಿ ಮೈ ಜುಮ್ಮೆಂದಿತ್ತು. ಕೂಗಿದವನು ಯಾರು, ಏನು ಮಾಡಿ ಒಳಗೆ ಬಂದಿದ್ದ ಅಂತೆಲ್ಲ ಯೋಚಿಸಿದ್ದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಆ ಕೂಗನ್ನು ಆಮೇಲೆ ಸ್ಟುಡಿಯೋದಲ್ಲಿ ತಂದು ಅಂಟಿಸಿದ್ದಂತೆ. ನಿಜವಾಗಿ ಆ ಸಾಲಿಗೆ ಕೈದಿಗಳು ಕೂಗಿರಲಿಲ್ಲ. ಸುತ್ತ ಕಾವಲುಗಾರರು ನಿಂತಿರುವಾಗ ಅಂಥ ಮಾತಿಗೆ ಯಾರು ಬಾಯಿಬಿಟ್ಟಾರು?

ಮೋಸ ಹೋದೆ ಅಂತ ಸಿಟ್ಟಿನಿಂದ ಕೆಲವು ದಿನ ಆ ಆಲ್ಬಂ ಮುಟ್ಟಲಿಲ್ಲ. ಮತ್ತೆ ಹಾಕಿದಾಗ ಕಿವಿ ಬೇರೆ ಕಡೆ ಹೋಯಿತು. ಹಾಡುಗಳ ನಡುವೆ ಧ್ವನಿವರ್ಧಕದಲ್ಲಿ ಒಂದು ಪ್ರಕಟಣೆ ಬರುತ್ತದೆ, ಇಂಥ ನಂಬರಿನವನು ಜೈಲಿನ ಆಫೀಸಿಗೆ ಬರಬೇಕು ಅಂತ. ಅದನ್ನು ಯಾರೂ ಅಂಟಿಸಿದ್ದಲ್ಲ. ಕೊನೆಯ ಹಾಡು ಆ ಜೈಲಿನ ಕೈದಿ ಗ್ಲೆನ್ ಶರ್ಲಿ ಬರೆದದ್ದು. ಹಿಂದಿನ ದಿನ ಪಾದ್ರಿಯೊಬ್ಬರು ಅದರ ಟೇಪು ತಂದುಕೊಟ್ಟಿದ್ದರು, ಕ್ಯಾಶ್ ರಾತ್ರಿ ಕೂತು ಕಲಿತು ಬೆಳಿಗ್ಗೆ ಹಾಡಿದರು. ಶರ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದ. ಕ್ಯಾಶ್ ತನ್ನ ಹಾಡು ಹಾಡುತ್ತಾರೆ ಎಂಬುದು ಅವನಿಗೆ ತಿಳಿದದ್ದು ಅದೇ ಹೊತ್ತಿಗೆ. ಅಲ್ಲಿಯ ಚಪ್ಪಾಳೆಯನ್ನು ನಾನು ಈಗಲೂ ನಂಬುತ್ತೇನೆ.

ಇಷ್ಟೆಲ್ಲ ಹೇಳಿಯೂ ಒಂದೇ ಆಲ್ಬಂ ಇಟ್ಟುಕೋ ಅಂದರೆ ನಾನು ಆರಿಸುವುದು ಜಾಜ್ ಬ್ಯಾಂಡಿನ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ನ್ಯೂಪೋರ್ಟ್ ಜಾಜ್ ಉತ್ಸವದ ಕಚೇರಿ. 1956ರ ಜುಲೈ 7, ಅಮೆರಿಕದ ರೋಡ್ ಐಲೆಂಡ್. ಎಲಿಂಗ್ಟನ್‌ಗೆ ಆಗ 57. ದೊಡ್ಡ ಬ್ಯಾಂಡುಗಳ ಕಾಲ ಮುಗಿಯಿತು, ಈತನದ್ದೂ ಮುಗಿಯಿತು ಅಂತ ಜನ ಮಾತಾಡಿಕೊಳ್ಳುತ್ತಿದ್ದ ಹೊತ್ತು. ಅವರ ತಂಡಕ್ಕೆ ಸರದಿ ಬಂದಾಗ ರಾತ್ರಿ ಬಹಳವಾಗಿತ್ತು, ಜನ ಎದ್ದು ಹೊರಡುತ್ತಿದ್ದರು. ಆಗ ಎಲಿಂಗ್ಟನ್ 1937ರಲ್ಲಿ ಬರೆದಿದ್ದ 'ಡಿಮಿನುಯೆಂಡೋ ಅಂಡ್ ಕ್ರೆಸೆಂಡೋ ಇನ್ ಬ್ಲೂ' ಎತ್ತಿಕೊಂಡರು. ಅದಕ್ಕೆ ಎರಡು ಭಾಗ. ನಡುವಿನ ಜಾಗ ತುಂಬುವ ಕೆಲಸ ಟೆನರ್ ಸ್ಯಾಕ್ಸೊಫೋನಿನ ಪಾಲ್ ಗೊನ್ಸಾಲ್ವಿಸ್ ಅವರದ್ದು.

ಬ್ಲೂಸ್ ಎಂದರೆ ಹನ್ನೆರಡು ಬಾರ್‌ಗಳ ಒಂದು ಸುತ್ತು, ನಮ್ಮ ಆವರ್ತ ಅಂದುಕೊಳ್ಳಿ. ಎರಡು ಮೂರು ಸುತ್ತು ನುಡಿಸಿ ಬಿಟ್ಟುಕೊಡುವುದು ಮರ್ಯಾದೆ. ಗೊನ್ಸಾಲ್ವಿಸ್ ಬಿಡಲಿಲ್ಲ. ಐದಾಯಿತು, ಏಳಾಯಿತು, ಹತ್ತಾಯಿತು. 'ಬಾಕ್ಸ್' ಅನ್ನುವ ದುಬಾರಿ ಆಸನಗಳ ಕಡೆಯಿಂದ ಕಪ್ಪು ಉಡುಪಿನ ಹೆಂಗಸೊಬ್ಬಳು ಎದ್ದು ಕುಣಿಯತೊಡಗಿದಳು. ಕಚೇರಿ ಕಳೆಗಟ್ಟುವುದು ಅಂತೀವಲ್ಲ, ಅದನ್ನು ಇಲ್ಲಿ ಸುತ್ತು ಸುತ್ತಾಗಿ ಕೇಳಬಹುದು. ಮೊದಲು ಅಲ್ಲೊಂದು ಇಲ್ಲೊಂದು ಕೂಗು, ಆಮೇಲೆ ಒಂದು ಮೂಲೆ ಪೂರ್ತಿ, ಆಮೇಲೆ ಎಲ್ಲರೂ. ವೇದಿಕೆಯ ಅಂಚಿನಲ್ಲಿ ಡ್ರಮ್ಮರ್ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯಿಂದ ಬಡಿಯುತ್ತಾ ತಾಳಕ್ಕೆ ಕಾವು ಕೊಡುತ್ತಿದ್ದರು. ಇಪ್ಪತ್ತೇಳು ಸುತ್ತು! ಮೃದಂಗದವರು ಒಂಟಿಯಾಗಿ ನುಡಿಸುವ ತನಿಯಾವರ್ತನದಲ್ಲಿ ಮಾವ ಗುಂಗು ಹಿಡಿದು, ಪಿಟೀಲಿನವರು ಗಡಿಯಾರ ನೋಡಿದರೂ ಕೈ ನಿಲ್ಲಿಸದೇ ಇದ್ದ ಒಂದೆರಡು ರಾತ್ರಿ ನನಗೆ ನೆನಪಾಗುತ್ತವೆ. ಅಂಥ ರಾತ್ರಿಗಳಲ್ಲಿ ನುಡಿಸುವವರನ್ನು ಮುಂದಕ್ಕೆ ತಳ್ಳುವುದು ಸಭೆಯೇ.

ಗಲಾಟೆ ಆದೀತೆಂದು ಉತ್ಸವದ ಸಂಘಟಕ ಜಾರ್ಜ್ ವೀನ್ ಹೆದರಿ, ಮುಗಿಸಿಬಿಡಿ ಅಂತ ಸನ್ನೆ ಮಾಡಿದರಂತೆ. ಎಲಿಂಗ್ಟನ್ ಮುಗಿಸಲಿಲ್ಲ. ತಂಡದ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನಿ ಹಾಜಸ್ ಅವರನ್ನು ಮುಂದೆ ಕರೆದು ನಿಧಾನದ ಒಂದು ಹಾಡು ನುಡಿಸಿಸಿದರು. ಕುದಿಯುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಜನ ತಣ್ಣಗಾಗುವುದೂ ಕೇಳಿಸುತ್ತದೆ.

ಇದರ ಇನ್ನೊಂದು ಕಥೆ ಇಷ್ಟೇ ಚೆನ್ನಾಗಿದೆ. ಗೊನ್ಸಾಲ್ವಿಸ್ ಆ ಹುಮ್ಮಸ್ಸಿನಲ್ಲಿ ತಪ್ಪು ಮೈಕಿಗೆ ಊದಿದ್ದರು. ಆಲ್ಬಂ ಮಾಡುತ್ತಿದ್ದ ಕೊಲಂಬಿಯಾ ಕಂಪನಿಯ ಮೈಕು ಒಂದು, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕು ಇನ್ನೊಂದು. ಇವರು ನಿಂತದ್ದು ರೇಡಿಯೋದವರ ಮೈಕಿನ ಮುಂದೆ. ಹಾಗಾಗಿ 1956ರ ಎಲ್‌ಪಿಯಲ್ಲಿ ಆ ಪ್ರಸಿದ್ಧ ಸೋಲೋ ಪಕ್ಕದ ಮನೆಯಿಂದ ಕೇಳಿದಂತೆ ದೂರ ದೂರ. ಆ ರಾತ್ರಿ ನುಡಿಸಿದ ಬೇರೆ ಕೆಲವನ್ನಂತೂ ಆಮೇಲೆ ಸ್ಟುಡಿಯೋದಲ್ಲಿ ಹೊಸದಾಗಿ ನುಡಿಸಿ ಮೇಲೆ ಚಪ್ಪಾಳೆ ಸುರಿದಿದ್ದರು. ಮುಂದೆ ರೇಡಿಯೋದ ಟೇಪು ಸಿಕ್ಕಿತು. ಎರಡು ಟೇಪುಗಳನ್ನು ಎಡಕ್ಕೊಂದು ಬಲಕ್ಕೊಂದು ಹೊಂದಿಸಿ, 1999ರಲ್ಲಿ ಸ್ಟೀರಿಯೋದಲ್ಲಿ ಪೂರ್ತಿ ಕಚೇರಿ ಬಿಡುಗಡೆ ಮಾಡಿದರು. ಕೇಳುವುದಾದರೆ ಅದನ್ನೇ ಕೇಳಿ. ಸುರಿದ ಚಪ್ಪಾಳೆ ಮತ್ತು ಬೆಳೆದ ಚಪ್ಪಾಳೆ ಎರಡನ್ನೂ ಒಂದಾದ ಮೇಲೊಂದು ಕೇಳಿದರೆ, ವ್ಯತ್ಯಾಸವನ್ನು ನಾನು ವಿವರಿಸಬೇಕಾಗಿಲ್ಲ.

ಸೋಲ್ ಗಾಯಕ ಜೇಮ್ಸ್ ಬ್ರೌನ್ ಅವರ 'ಲೈವ್ ಆಟ್ ದ ಅಪೋಲೋ' ಬಗ್ಗೆ ಎರಡೇ ಮಾತು. 1962ರ ಅಕ್ಟೋಬರ್ 24, ನ್ಯೂಯಾರ್ಕಿನ ಹಾರ್ಲೆಮ್‌ನ ಅಪೋಲೋ ಥಿಯೇಟರ್. ಹೊಸ ಹಾಡಿಲ್ಲದ ಲೈವ್ ತಟ್ಟೆಯನ್ನು ಯಾರು ಕೊಳ್ಳುತ್ತಾರೆ ಅಂತ ಕಂಪನಿಯ ಮಾಲೀಕ ದುಡ್ಡು ಬಿಚ್ಚಲಿಲ್ಲ, ಬ್ರೌನ್ ತಾವೇ ಹಾಕಿದರು. 'ಲಾಸ್ಟ್ ಸಮ್‌ವನ್' ಹಾಡನ್ನು ಹತ್ತು ನಿಮಿಷ ಎಳೆಯುತ್ತಾರೆ, ಅದರಲ್ಲಿ ಅರ್ಧ ಹಾಡುವುದು ಸಭೆಯ ಹೆಣ್ಣುಮಕ್ಕಳು. ಇದರ ಜೊತೆ ಇನ್ನೊಬ್ಬ ಸೋಲ್ ಗಾಯಕ ಸ್ಯಾಮ್ ಕುಕ್ ಮೂರೇ ತಿಂಗಳಿನ ಮೇಲೆ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಹಾಡಿದ್ದನ್ನೂ ಕೇಳಿ. ತೀರಾ ಒರಟಾಯಿತು ಅಂತ ಅದನ್ನು ಕಪಾಟಿನಲ್ಲಿಟ್ಟುಬಿಟ್ಟರು. ಹೊರಗೆ ಬಂದದ್ದು 1985ರಲ್ಲಿ, ಹಾಡಿದವರು ಸತ್ತು ಇಪ್ಪತ್ತು ವರ್ಷಗಳಾದ ಮೇಲೆ.

ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಬಿಟ್ಟಿದ್ದಕ್ಕೆ ಬೆಂಗಳೂರಿನ ನನ್ನ ರಾಕ್ ಗೆಳೆಯರು ಬೈಯುತ್ತಾರೆ, ಬೈಯಲಿ. ನುಡಿಸಿದ್ದು ಅದ್ಭುತ. ಆದರೆ ದೊಡ್ಡ ಸಭಾಂಗಣದ ಜನಸಾಗರದಲ್ಲಿ ನನಗೆ ಒಂದು ಮುಖವೂ ಕಾಣುವುದಿಲ್ಲ. ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರ 'ಕೋಲ್ನ್ ಕಾನ್ಸರ್ಟ್' (1975) ಬಗ್ಗೆ ಬರೆಯುವವರೆಲ್ಲ ಆ ರಾತ್ರಿ ಅವರಿಗೆ ಸಿಕ್ಕ ಕೆಟ್ಟ ಪಿಯಾನೋದ ಕಥೆ ಹೇಳುತ್ತಾರೆ. ನೀವು ಮೊದಲ ಕೆಲವು ಕ್ಷಣ ಕಿವಿಗೊಡಿ. ಜರ್ಮನಿಯ ಕೋಲ್ನ್ ನಗರದ ಆ ಒಪೆರಾ ಮಂದಿರದಲ್ಲಿ ಜನರನ್ನು ಒಳಕ್ಕೆ ಕರೆಯಲು ಬಾರಿಸುವ ಗಂಟೆಯ ಸ್ವರಗಳಿಂದಲೇ ಅವರು ಶುರುಮಾಡುತ್ತಾರೆ. ಗುರುತು ಹಿಡಿದ ಯಾರೋ ನಕ್ಕದ್ದು ಸಣ್ಣಗೆ ಕೇಳಿಸುತ್ತದೆ.

ಕೊನೆಯದಾಗಿ, ಸಭೆ ಕೇಳದೇ ಇದ್ದ ಒಂದು ಆಲ್ಬಂ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ನೆಲಮಾಳಿಗೆಯ ಕ್ಲಬ್ಬು ವಿಲೇಜ್ ವ್ಯಾನ್‌ಗಾರ್ಡ್. ಪಿಯಾನೋ ಬಿಲ್ ಎವನ್ಸ್, ಬಾಸ್ ಸ್ಕಾಟ್ ಲಫಾರೋ, ಡ್ರಮ್ಸ್ ಪಾಲ್ ಮೋಶನ್. ಮಧ್ಯಾಹ್ನ ಮತ್ತು ಸಂಜೆ ಸೇರಿ ಐದು ಸರದಿ ನುಡಿಸಿದರು. 'ಸಂಡೇ ಆಟ್ ದ ವಿಲೇಜ್ ವ್ಯಾನ್‌ಗಾರ್ಡ್' ಮತ್ತು 'ವಾಲ್ಟ್ಸ್ ಫಾರ್ ಡೆಬಿ' ಎರಡೂ ಅದೇ ದಿನದ ಫಸಲು. ಇಡೀ ದಿನದ ರೆಕಾರ್ಡಿಂಗೂ ಈಗ ಸಿಗುತ್ತದೆ. ಅದರ ಮೊದಲ ತುಣುಕಿನಲ್ಲೇ ಕರೆಂಟು ಹೋಗಿ ಸದ್ದು ಒಂದು ಗಳಿಗೆ ಕಡಿದುಹೋಗುತ್ತದೆ, ನಮ್ಮ ಊರಿನದ್ದೇ ಕಚೇರಿಯೇನೋ ಎಂಬಂತೆ. ಮೂವರೂ ಒಬ್ಬರ ಉಸಿರು ಇನ್ನೊಬ್ಬರು ಕೇಳಿ ನುಡಿಸುತ್ತಿದ್ದಾರೆ. ಜನ ಮಾತ್ರ ಮಾತಾಡುತ್ತಿದ್ದಾರೆ, ಲೋಟ ತಾಗುತ್ತಿದೆ, ಯಾರೋ ನಗುತ್ತಿದ್ದಾರೆ. ಹನ್ನೊಂದು ದಿನದ ನಂತರ, ಜುಲೈ 6ರಂದು, ಲಫಾರೋ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25.

ಆ ಜನರ ಮೇಲೆ ನನಗೆ ಮೊದಮೊದಲು ಕೋಪ ಬರುತ್ತಿತ್ತು. ಮಾವನಿಗೆ ಒಮ್ಮೆ ಈ ಸೀಡಿ ಕೇಳಿಸಿದೆ. ಜಾಜ್ ಅವರಿಗೆ ಹೊಸದು. ಹತ್ತು ನಿಮಿಷ ಕಣ್ಣುಮುಚ್ಚಿ ಕೇಳಿದರು. ಹಿಂದೆ ತಟ್ಟೆ ಲೋಟದ ಸದ್ದು ಬಂದಾಗ ಕಣ್ಣು ತೆರೆದು, 'ಆರತಕ್ಷತೆ ಏನೋ ಇದು?' ಅಂದರು. ಅಲ್ಲ ಮಾವ, ಕ್ಲಬ್ಬು ಅಂದೆ. 'ಎಲ್ಲಾ ಒಂದೇ. ಆ ಬಾಸಿನವನ ಕೈ ನೋಡು, ಯಾರೂ ಕೇಳ್ತಿಲ್ಲ ಅಂತ ಗೊತ್ತಿದ್ದೇ ಅಷ್ಟು ಧೈರ್ಯವಾಗಿ ಓಡ್ತಾ ಇದೆ. ಮತ್ತೊಂದ್ಸಲ ಹಾಕು' ಅಂದರು.